ಪ್ರಶ್ನೆಗೆ ಮುಂಚೆ ಎದ್ದ ಕೈ

ನೀರಿನ ಪರೀಕ್ಷಾಲಯದಲ್ಲಿ ಎಂಟು ವರ್ಷ ದುಡಿದವಳು ಮೂವತ್ತೆರಡನೇ ವಯಸ್ಸಿನಲ್ಲಿ ಟೀಚರ್ ಆಗಲು ಹೊರಟಾಗ ನೆಂಟರೆಲ್ಲ ಮೂಗಿನ ಮೇಲೆ ಬೆರಳಿಟ್ಟರು. ಫ್ಯಾನಿನ ಕೆಳಗೆ ಕೂತು, ಗಾಜಿನ ಕೊಳವೆ ಹಿಡಿದು, ಹೊತ್ತಿಗೆ ಸರಿಯಾಗಿ ಮನೆಗೆ ಬರುತ್ತಿದ್ದವಳಿಗೆ ನಲವತ್ತು ಮಕ್ಕಳ ಗದ್ದಲ ಯಾಕೆ ಬೇಕಿತ್ತು ಎಂದು ಕೇಳಿದವರೇ ಹೆಚ್ಚು. ಅವಳಿಗಿದ್ದದ್ದು ಒಂದೇ ಕಾರಣ. ಒಮ್ಮೆ ಯಾವುದೋ ಶಾಲೆಯ ಮಕ್ಕಳು ಲ್ಯಾಬ್ ನೋಡಲು ಬಂದಿದ್ದರು. ಅವರಲ್ಲೊಬ್ಬಳು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟವಳೇ, "ಅಯ್ಯೋ, ಇದು ಓಡಾಡ್ತಿದೆ!" ಎಂದು ಕಿರುಚಿದ್ದಳು. ಆ ಕೂಗು ಇವಳ ಕಿವಿಯಲ್ಲಿ ಮನೆ ಮಾಡಿಕೊಂಡುಬಿಟ್ಟಿತು. ಎರಡು ವರ್ಷ ಓದಿದಳು, ಪರೀಕ್ಷೆ ಬರೆದಳು, ಬಸ್ ಡಿಪೋ ಹಿಂದಿನ ಶಾಲೆಯಲ್ಲಿ ಏಳನೇ ತರಗತಿಯ ವಿಜ್ಞಾನದ ಟೀಚರ್ ಆಗಿ ಸೇರಿಕೊಂಡಳು.

ಕೆಲಸ ಸಿಕ್ಕುವುದು ಬೇರೆ, ದಕ್ಕುವುದು ಬೇರೆ ಎಂದು ಸೇರಿದ ಮೇಲೆ ಗೊತ್ತಾಯಿತು. ಹೊಸ ಶಿಕ್ಷಕರು ಮೊದಲ ವರ್ಷದೊಳಗೆ ಏಳು ಮಾನದಂಡಗಳನ್ನು ಮುಟ್ಟಬೇಕು. ಪಾಠಕ್ಕೆ ತಯಾರಿ ಹೇಗೆ, ಮಕ್ಕಳಿಗೆ ಅರ್ಥವಾಯಿತೋ ಇಲ್ಲವೋ ತಿಳಿಯುವುದು ಹೇಗೆ, ಹಿಂದೆ ಬಿದ್ದವರನ್ನು ಜೊತೆಗೆ ಕರೆದೊಯ್ಯುವುದು ಹೇಗೆ, ಹೀಗೆ. ವರ್ಷದ ಕೊನೆಗೆ ಒಂದು ಪಾಠದ ವಿಡಿಯೋ ಕಳಿಸಬೇಕು. ಇಬ್ಬರು ಪರಿಶೀಲಕರು ಅದನ್ನು ನೋಡಿ, ಮಾತಾಡಿಸಿ, ಕೆಲಸ ಖಾಯಂ ಮಾಡಬೇಕೋ ಬೇಡವೋ ಹೇಳುತ್ತಾರೆ.

ಅಲ್ಲಿಯವರೆಗೆ ಕೈ ಹಿಡಿದು ನಡೆಸಲು ಇಲಾಖೆ ಅವಳಿಗೊಬ್ಬ ಮೆಂಟರ್‌ ಅನ್ನು ಕೊಟ್ಟಿತ್ತು. ಆಕೆ ಬಸ್ಸಿನಲ್ಲಿ ಆರು ಗಂಟೆ ದೂರದ ಇನ್ನೊಂದು ಊರಿನಲ್ಲಿ ಇಪ್ಪತ್ತೇಳು ವರ್ಷದಿಂದ ವಿಜ್ಞಾನ ಕಲಿಸುತ್ತಿದ್ದ ಟೀಚರ್. ಹಾಗಾಗಿ ಮುಖಾಮುಖಿ ಏನಿದ್ದರೂ ಪರದೆಯ ಮೇಲೆಯೇ. ಹೊಸ ಟೀಚರ್ ತರಗತಿಯ ಹಿಂದುಗಡೆ ಸ್ಟ್ಯಾಂಡಿನ ಮೇಲೆ ಫೋನ್ ನಿಲ್ಲಿಸಿ ಪಾಠ ರೆಕಾರ್ಡ್ ಮಾಡಬೇಕು, ಇಲಾಖೆಯ ಜಾಲತಾಣಕ್ಕೆ ಹಾಕಬೇಕು. ಮೆಂಟರ್ ಮೇಡಂ ಅದನ್ನು ನೋಡುತ್ತ, ಯಾವ ನಿಮಿಷದಲ್ಲಿ ಏನನ್ನಿಸಿತೋ ಆ ನಿಮಿಷದ ಪಕ್ಕದಲ್ಲೇ ಬರೆಯುತ್ತಾರೆ. ಗುರುವಾರ ಸಂಜೆ ನಾಲ್ಕೂವರೆಗೆ ಇಬ್ಬರೂ ಮಾತಾಡುತ್ತಾರೆ. ಮೇಡಂ ತಮ್ಮ ಪಾಠದ ವಿಡಿಯೋಗಳನ್ನೂ ಕಳಿಸುತ್ತಿದ್ದರು. "ನನ್ನದರಲ್ಲೂ ತಪ್ಪು ಹುಡುಕಿ. ಬೇಕಾದಷ್ಟು ಸಿಗುತ್ತೆ," ಎನ್ನುತ್ತಿದ್ದರು.

ಕ್ಯಾಮೆರಾ ಎಂದರೆ ಹೊಸ ಟೀಚರಿಗೆ ಕೈಕಾಲು ತಣ್ಣಗಾಗುತ್ತಿತ್ತು. ಅವಳ ಗಂಡ ಸಿಟಿ ಬಸ್ಸಿನ ಡ್ರೈವರ್. ಅವನು ನಕ್ಕು, "ನಮ್ಮ ಬಸ್ಸಲ್ಲೂ ನನ್ನ ಮೂತಿ ಎದುರಿಗೇ ಒಂದು ಇಟ್ಟಿದ್ದಾರೆ. ಮೊದಲ ವಾರ ಸೆಟೆದು ಕೂತು ಕತ್ತು ಹಿಡ್ಕೊಂಡಿತ್ತು. ಆಮೇಲೆ ಆಕಳಿಸೋದೂ ಅದರ ಮುಂದೇನೇ," ಎಂದು ಸಮಾಧಾನ ಹೇಳಿದ್ದ.

ಮೊದಲ ವಿಡಿಯೋವನ್ನು, "ನಾನು ನೋಡೋಕೆ ಮುಂಚೆ ನೀವೇ ಒಂದ್ಸಲ ನೋಡ್ಕೊಳ್ಳಿ," ಎಂದಿದ್ದರು ಮೇಡಂ. ಮನೆಯ ಮುಂದಿನ ಕೋಣೆಯಲ್ಲಿ ಅವಳ ಅತ್ತೆ ಹೊಲಿಗೆ ಮೆಷಿನ್ ಇಟ್ಟುಕೊಂಡಿದ್ದರು. ಬೀದಿಯ ಅರ್ಧ ಹೆಂಗಸರ ಬಟ್ಟೆ ಅವರ ಕೈಯಲ್ಲೇ ಹೊಲಿಸಿಕೊಂಡದ್ದು. ಆ ಕೋಣೆಯ ಮೂಲೆಯಲ್ಲಿ ಕೂತು ಅವಳು ನೋಡತೊಡಗಿದಳು. ಪರದೆಯ ಮೇಲೆ ಯಾರೋ ಒಬ್ಬಳು ಎರಡು ನಿಮಿಷಕ್ಕೊಮ್ಮೆ ಕನ್ನಡಕ ಸರಿ ಮಾಡಿಕೊಳ್ಳುತ್ತಿದ್ದಳು, ಹಲಗೆಯ ಕಡೆ ತಿರುಗಿಕೊಂಡೇ ಮಾತಾಡುತ್ತಿದ್ದಳು. "ಗಿಡಕ್ಕೆ ಬೆಳಕು ಯಾಕೆ ಬೇಕು? ಆಹಾರ ತಯಾರಿಸಿಕೊಳ್ಳೋದಕ್ಕೆ. ಆಹಾರ ತಯಾರಾಗೋದು ಎಲ್ಲಿ? ಎಲೆಯಲ್ಲಿ." ಅತ್ತೆ ಸೂಜಿಗೆ ದಾರ ಪೋಣಿಸುತ್ತ ಕೇಳಿಸಿಕೊಳ್ಳುತ್ತಿದ್ದರು.

"ಪ್ರಶ್ನೆನೂ ನಿಂದೇ, ಉತ್ತರನೂ ನಿಂದೇ. ಪಾಪ, ಆ ಮಕ್ಕಳನ್ನ ಯಾಕೆ ಕರೆಸಿದ್ದೀಯ?" ಎಂದರು.

ಮೇಡಂ ಬರೆದದ್ದೂ ಹೆಚ್ಚುಕಡಿಮೆ ಅದನ್ನೇ. ಆರನೇ ನಿಮಿಷದ ಪಕ್ಕದಲ್ಲಿ ಒಂದು ಸಾಲು: "ಇಲ್ಲಿ ಪ್ರಶ್ನೆ ಕೇಳಿದ ಮೇಲೆ ಎಷ್ಟು ಸೆಕೆಂಡ್ ಕಾದಿರಿ? ಎಣಿಸಿ ನೋಡಿ." ಎಣಿಸಿದಳು. ಒಂದು ಸೆಕೆಂಡೂ ಇರಲಿಲ್ಲ.

"ಪ್ರಶ್ನೆ ಕೇಳಿ, ಮನಸ್ಸಲ್ಲೇ ಐದರ ತನಕ ಎಣಿಸಿ," ಎಂದರು ಮೇಡಂ ಆ ಗುರುವಾರ. "ಪ್ರಾಣ ಹೋದ ಹಾಗಾಗುತ್ತೆ. ಹೋಗಲ್ಲ, ನಾನು ಗ್ಯಾರಂಟಿ."

ತಿಂಗಳುಗಳು ಹೋದವು. ಅವಳು ಐದರ ತನಕ ಎಣಿಸಲು ಕಲಿತಳು, ಹಲಗೆಗೆ ಬೆನ್ನು ಹಾಕಲು ಕಲಿತಳು. ಮಕ್ಕಳ ಹೆಸರು, ಅಡ್ಡಹೆಸರು ಎರಡೂ ಬಾಯಿಗೆ ಬಂದವು. ಮುಂದಿನ ಬೆಂಚಿನಲ್ಲಿ ಕಾಲು ನೆಲಕ್ಕೆ ತಾಗದೆ ಕೂರುವ ಚೋಟುದ್ದದವಳು ಗುಬ್ಬಿ. ಎಲ್ಲದಕ್ಕೂ "ನಮ್ಮ ಕಾಲದಲ್ಲಿ ಹೀಗಿರಲಿಲ್ಲ ಟೀಚರ್" ಎನ್ನುವ ಹನ್ನೆರಡು ವರ್ಷದವಳು ಅಜ್ಜಿ. ಕಿಟಕಿ ಪಕ್ಕದಲ್ಲಿ ಇನ್ನೊಬ್ಬಳಿದ್ದಳು. ಅವಳಿಗೆ ಅಡ್ಡಹೆಸರೇ ಬಿದ್ದಿರಲಿಲ್ಲ, ಯಾಕೆಂದರೆ ಅವಳು ಬಾಯಿ ಬಿಟ್ಟದ್ದನ್ನು ಯಾರೂ ಕೇಳಿರಲಿಲ್ಲ. ಹಾಜರಿ ಕೂಗಿದಾಗಲೂ ಕೈ ಮಾತ್ರ ಎತ್ತುತ್ತಿದ್ದಳು.

ಆದರೆ ವರ್ಷದ ನಡುವಿನ ಪರಿಶೀಲನೆಯಲ್ಲಿ ಏಳರಲ್ಲಿ ಮೂರು ಮಾತ್ರ ದಕ್ಕಿದ್ದವು. ಉಳಿದ ನಾಲ್ಕರ ಮುಂದೆ "ಇನ್ನೂ ಇಲ್ಲ" ಎಂದಿತ್ತು. ಮೇಡಂ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. "ಇನ್ನೂ ಇಲ್ಲ ಅಂದ್ರೆ ಆಮೇಲೆ ಇದೆ ಅಂತ," ಎಂದರು. ಅವಳಿಗೆ ಮಾತ್ರ ಎದೆಯೊಳಗೆ ಅಳುಕು ಹೊಕ್ಕಿತು. ಲ್ಯಾಬಿನ ಕೆಲಸಕ್ಕೆ ಬೇರೆಯವರು ಬಂದಾಗಿತ್ತು. ಹೊಳೆಯ ಮಧ್ಯೆ ನಿಂತವಳಿಗೆ ಹಿಂದಿನ ದಡವೂ ಇಲ್ಲ.

ಅಂಥ ಹೊತ್ತಿನಲ್ಲಿ ಸ್ಟಾಫ್ ರೂಮಿನಲ್ಲಿ ಡ್ರಾಯಿಂಗ್ ಮೇಷ್ಟ್ರು ಕುರ್ಚಿ ಹತ್ತಿರಕ್ಕೆ ಎಳೆದುಕೊಂಡರು. ಹಿಂದಿನ ವರ್ಷವಷ್ಟೇ ಖಾಯಂ ಆದವರು, ಒಳ್ಳೆಯ ಮನುಷ್ಯ.

"ಮೇಡಂ, ಇಷ್ಟೊಂದು ತಲೆ ಕೆಡಿಸ್ಕೋಬೇಡಿ. ಕೊನೆ ವಿಡಿಯೋಗೆ ಎರಡು ದಿನ ಮುಂಚೆ ಅದೇ ಪಾಠ ಒಂದ್ಸಲ ಮಾಡಿಬಿಡಿ. ಯಾರು ಏನು ಹೇಳಬೇಕು ಅಂತ ಮಕ್ಕಳಿಗೆ ಹೇಳ್ಕೊಡಿ. ಎಲ್ಲರೂ ಮಾಡೋದೇ ಅದು."

"ನೋಡಿದವರಿಗೆ ಗೊತ್ತಾಗಲ್ವಾ ಸರ್?"

"ಅಷ್ಟು ದೂರದಲ್ಲಿ ಕೂತವರಿಗೆ ಏನು ಗೊತ್ತಾಗುತ್ತೆ?"

ಅವಳು ಬೇಡವೆಂದುಕೊಂಡಳು. ಎರಡು ವಾರ ಬೇಡವೆಂದುಕೊಂಡೇ ಇದ್ದಳು. ಕೊನೆಯ ದಿನ ಹತ್ತಿರವಾದ ಹಾಗೆ ಆ ಬೇಡ ತೆಳ್ಳಗಾಗುತ್ತ ಬಂತು.

ಪಾಠ ಮೊಟ್ಟೆಯದು. ಗಾಜಿನ ಲೋಟದ ನೀರಿನಲ್ಲಿ ಮೊಟ್ಟೆ ಮುಳುಗುತ್ತದೆ, ನೀರಿಗೆ ಚಮಚ ಚಮಚ ಉಪ್ಪು ಬೆರೆಸುತ್ತ ಹೋದರೆ ಮೇಲೆ ಬಂದು ತೇಲುತ್ತದೆ. ಯಾಕೆ ಎಂದು ಮಕ್ಕಳೇ ಹುಡುಕಬೇಕು. ಸೋಮವಾರ ಪಾಠ ಮಾಡಿದಳು. ಬುಧವಾರ ಕ್ಯಾಮೆರಾ ಇಟ್ಟು ಅದನ್ನೇ ಮತ್ತೆ ಮಾಡಿದಳು. ಇದನ್ನು ನೀನು ಹೇಳು, ನೀನು ತಪ್ಪು ಉತ್ತರ ಹೇಳು, ಅದನ್ನು ಇವಳು ತಿದ್ದಲಿ ಎಂದು ಪಾತ್ರ ಹಂಚಿದ್ದಳು. ಮಕ್ಕಳಿಗೆ ಹಬ್ಬವೋ ಹಬ್ಬ. ಅಜ್ಜಿಗೆ ತಪ್ಪು ಉತ್ತರದ ಪಾತ್ರ ಸಿಕ್ಕಿತ್ತು. ಅವಳು ಹಣೆ ಚಚ್ಚಿಕೊಂಡು, "ಅಯ್ಯೋ ನನ್ನ ಬುದ್ಧಿಗಿಷ್ಟು!" ಎಂಬ ಮಾತನ್ನೂ ಸ್ವಂತವಾಗಿ ಸೇರಿಸಿದಳು. ಒಂದು ಕಡೆಯೂ ತೊಡಕಿಲ್ಲದೆ, ಗಂಟೆ ಹೊಡೆಯಲು ಸರಿಯಾಗಿ ಪಾಠ ಮುಗಿಯಿತು.

ಗುರುವಾರ ವಿಡಿಯೋ ಹಾಕಿದಳು. ಮುಂದಿನ ಬುಧವಾರ ಕೊನೆಯ ದಿನ. ಅಷ್ಟರಲ್ಲಿ ಮೇಡಂ ನೋಡಿ ಸಹಿ ಮಾಡಿದರೆ ಅದು ಪರಿಶೀಲಕರ ಬಳಿ ಹೋಗುತ್ತದೆ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಹಾಗಾಯಿತಲ್ಲ ಎಂದು ಒಳಗೊಳಗೇ ಅನ್ನಿಸಿತು. ಹಾಲು ಕುಡಿದದ್ದಾಗಿದೆ, ಇನ್ನು ಕಣ್ಣು ಬಿಟ್ಟು ಮಾಡುವುದೇನು ಎಂದು ಸುಮ್ಮನಾದಳು.

ಶನಿವಾರ ಬೆಳಿಗ್ಗೆ ಅತ್ತೆ ಮೇಜಿನ ಮೇಲೆ ಬಟ್ಟೆ ಹಾಸಿ ಸೀಮೆಸುಣ್ಣದಿಂದ ಗೆರೆ ಎಳೆಯುತ್ತಿದ್ದರು. ಅವಳು ಫೋನ್ ತೆರೆದಳು. ಮೇಡಂ ನೋಡಿದ್ದರು. ನಲವತ್ತು ನಿಮಿಷದ ವಿಡಿಯೋಗೆ ಎರಡೇ ಸಾಲು ಬರೆದಿದ್ದರು.

ಒಂಬತ್ತನೇ ನಿಮಿಷಕ್ಕೆ: "ಮುಂದಿನ ಬೆಂಚಿನ ಪುಟ್ಟ ಹುಡುಗಿ ಕೈ ಎತ್ತಿದಾಗ ನಿಮ್ಮ ಪ್ರಶ್ನೆ ಎಲ್ಲಿಯವರೆಗೆ ಬಂದಿತ್ತು?"

ಹದಿಮೂರನೇ ನಿಮಿಷಕ್ಕೆ: "ಮೊಟ್ಟೆ ಮೇಲೆ ಬಂದಾಗ ಮಕ್ಕಳು ಏನಂದರು?"

ಅಷ್ಟೇ. ಬೈಗುಳವಿಲ್ಲ, ಹೊಗಳಿಕೆಯಿಲ್ಲ. ಕೆಳಗೆ, "ಸೋಮವಾರ ಮಾತಾಡೋಣ. ನಿಮಗೆ ಬೇಕಿದ್ದರೆ ಇವತ್ತೇ," ಎಂದಿತ್ತು.

ವಿಡಿಯೋ ತೆರೆದು ಒಂಬತ್ತನೇ ನಿಮಿಷಕ್ಕೆ ಹೋದಳು. ಪರದೆಯ ಮೇಲಿನ ಅವಳು, "ಈಗ ಈ ನೀರಿಗೆ ಉಪ್ಪು…" ಎನ್ನುವಷ್ಟರಲ್ಲೇ ಗುಬ್ಬಿಯ ಕೈ ಬೆಂಚಿನಿಂದ ಮೇಲೆ ಹಾರಿತ್ತು. ಪ್ರಶ್ನೆ ಇನ್ನೂ ಹುಟ್ಟೇ ಇರಲಿಲ್ಲ. ಹದಿಮೂರನೇ ನಿಮಿಷಕ್ಕೆ ಹೋದಳು. ಮೊಟ್ಟೆ ಮೆಲ್ಲಗೆ ಅಲುಗಿ, ಲೋಟದ ತಳ ಬಿಟ್ಟು, ತೂಗಾಡುತ್ತ ಮೇಲೆ ಬಂತು. ಮಕ್ಕಳು ಏನೂ ಅನ್ನಲಿಲ್ಲ. ಒಬ್ಬ ಕಿಟಕಿಯಾಚೆ ನೋಡುತ್ತಿದ್ದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಹಾಗೆ ಅವಳ ಕೈ ತಾನಾಗಿ ಕನ್ನಡಕಕ್ಕೆ ಹೋಯಿತು.

"ಈ ಮಕ್ಕಳು ಬಹಳ ಚುರುಕು ಮೇಡಂ," ಎಂದು ಬರೆದಳು. ಅಳಿಸಿದಳು. "ಅವರು ಮನೆಯಲ್ಲಿ ಪುಸ್ತಕ ಓದಿಕೊಂಡು ಬಂದಿದ್ದರು," ಎಂದು ಬರೆದಳು. ಅದನ್ನೂ ಅಳಿಸಿದಳು.

"ಏನದು, ಬರೆಯೋದು ಅಳಿಸೋದು?" ಎಂದರು ಅತ್ತೆ, ತಲೆ ಎತ್ತದೆ.

ಅತ್ತೆಯ ಮುಂದೆ ಸುಳ್ಳು ಹೇಳಿ ಅವಳಿಗೆ ರೂಢಿಯಿರಲಿಲ್ಲ. ಮೊದಲಿಂದ ಕೊನೆವರೆಗೆ ಹೇಳಿಬಿಟ್ಟಳು. ಅತ್ತೆ ಕತ್ತರಿ ಕೆಳಗಿಟ್ಟು ಕೇಳಿಸಿಕೊಂಡರು.

"ನೋಡು, ನನ್ನ ಹತ್ರ ಅಳತೆ ಕೊಡೋಕೆ ಬರ್ತಾರಲ್ಲ, ಟೇಪ್ ಸುತ್ತಿದ ಕೂಡಲೇ ಕೆಲವರು ಹೊಟ್ಟೆ ಒಳಗೆ ಎಳ್ಕೋತಾರೆ. ಉಸಿರು ಬಿಡಮ್ಮ ಅಂದ್ರೆ ಬಿಟ್ಟಿದ್ದೀನಿ ಅಂತಾರೆ. ಆ ಅಳತೆಗೇ ಹೊಲಿದು ಕೊಟ್ಟರೆ ಏನಾಗುತ್ತೆ? ಮನೆಗೆ ಹೋಗಿ ಉಸಿರು ಬಿಡ್ತಾರೆ, ಹೊಲಿಗೆ ಕಿತ್ಕೊಂಡು ಬರುತ್ತೆ. ಬೈಸ್ಕೊಳ್ಳೋದು ನಾನು."

"ನಾನೂ ಹೊಟ್ಟೆ ಎಳ್ಕೊಂಡೆ ಅಂತೀರಾ ಅತ್ತೆ?"

"ಇಡೀ ಕ್ಲಾಸಿನ ಹೊಟ್ಟೆ ಎಳೆಸಿದ್ದೀಯ," ಎಂದು ಅತ್ತೆ ನಕ್ಕೇಬಿಟ್ಟರು. "ಆಯಮ್ಮನಿಗೆ ಫೋನ್ ಮಾಡು. ಇವತ್ತೇ ಮಾಡು. ಇಲ್ಲದಿದ್ರೆ ಸೋಮವಾರದ ತನಕ ಈ ಮೂತಿ ನಾವು ನೋಡ್ಬೇಕು."

ಅವಳು ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಕರೆ ಮಾಡಿದಳು. ಪರದೆಯ ಮೇಲೆ ಮೇಡಂ ಬಂದರು. ಹೆಗಲ ಮೇಲೆ ಒದ್ದೆ ಬಟ್ಟೆ, ಬಾಯಲ್ಲಿ ಒಂದು ಕ್ಲಿಪ್ಪು. ಹಿಂದೆ ಒಣಗುವ ಹಗ್ಗ. ಕ್ಲಿಪ್ಪು ತೆಗೆದು, "ಹೇಳಿ," ಎಂದರು.

"ಮೇಡಂ, ಆ ಪಾಠ…" ಕನ್ನಡಕ ಸರಿ ಮಾಡಿಕೊಂಡಳು. "ಸೋಮವಾರವೇ ಮಾಡಿದ್ದೆ. ವಿಡಿಯೋದಲ್ಲಿರೋದು ಎರಡನೇ ಸಲ. ಯಾರು ಏನು ಹೇಳಬೇಕು ಅಂತ ನಾನೇ ಹೇಳ್ಕೊಟ್ಟಿದ್ದೆ. ತಪ್ಪು ಉತ್ತರ ಕೂಡ ನಾನೇ ಹೇಳ್ಕೊಟ್ಟಿದ್ದು."

ಅವಳು ಮನಸ್ಸಿನಲ್ಲೇ ಎಣಿಸಿದಳು. ಐದು ದಾಟಿ ಏಳಕ್ಕೆ ಬಂತು.

"ಆ ತಪ್ಪು ಉತ್ತರದ ಹುಡುಗಿ ಮಾತ್ರ ಅದ್ಭುತ," ಎಂದರು ಮೇಡಂ. "ಹಣೆ ಚಚ್ಚಿಕೊಂಡಳಲ್ಲ, ಅದೂ ನೀವೇ ಹೇಳ್ಕೊಟ್ಟಿದ್ದಾ?"

"ಇಲ್ಲ ಮೇಡಂ. ಅದು ಅವಳದ್ದೇ."

"ಅಂದುಕೊಂಡೆ." ಮೇಡಂ ಒದ್ದೆ ಬಟ್ಟೆಯನ್ನು ಹಗ್ಗಕ್ಕೆ ಹಾಕಿ ಮತ್ತೆ ಪರದೆಯ ಎದುರು ಕೂತರು. "ಇಪ್ಪತ್ತೇಳು ವರ್ಷದಿಂದ ಆ ಮೊಟ್ಟೆ ತೇಲಿಸ್ತಿದ್ದೀನಿ. ಅದು ಮೇಲೆ ಬಂದಾಗ 'ಓ' ಅನ್ನದ ಕ್ಲಾಸು ನಾನು ನೋಡೇ ಇಲ್ಲ. ನಿಮ್ಮ ನಲವತ್ತು ಮಕ್ಕಳಲ್ಲಿ ಒಬ್ಬರೂ ಅನ್ನಲಿಲ್ಲ."

"ನಿಮಗೆ ಮೊದಲೇ ಗೊತ್ತಿತ್ತು ಹಾಗಾದ್ರೆ."

"ಅನುಮಾನ ಇತ್ತು. ನೀವು ಹೇಳಿದ್ದಕ್ಕೆ ಈಗ ಗೊತ್ತಾಯ್ತು. ಎರಡಕ್ಕೂ ವ್ಯತ್ಯಾಸ ಇದೆ."

"ನಾನು ಹೇಳದೇ ಇದ್ದಿದ್ರೆ?"

"ಸಹಿ ಹಾಕ್ತಿರಲಿಲ್ಲ. ಯಾಕೆ ಹಾಕಲಿಲ್ಲ ಅಂತ ನಿಮಗೇ ಮೊದಲು ಹೇಳ್ತಿದ್ದೆ." ದನಿಯಲ್ಲಿ ಸಿಟ್ಟಿರಲಿಲ್ಲ, ಸಡಿಲವೂ ಇರಲಿಲ್ಲ. "ಆಯ್ತು. ಈಗ ಬುಧವಾರಕ್ಕೆ ಇನ್ನೂ ನಾಲ್ಕು ದಿನ ಇದೆ. ಅದನ್ನ ವಾಪಸ್ ತಗೊಳ್ಳಿ. ಯಾಕೆ ಅಂತ ಕೇಳೋ ಒಂದು ಜಾಗ ಬರುತ್ತೆ, ನಿಜ ಬರೀರಿ. ಮಂಗಳವಾರ ಬೇರೆ ಪಾಠ ಮಾಡಿ."

"ಯಾವ ಪಾಠ ಮಾಡಲಿ? ನೀವೇ ಹೇಳಿ ಮೇಡಂ."

"ನಾನು ಯಾಕೆ ಹೇಳಲಿ? ಎಂಟು ವರ್ಷ ನೀವು ಏನು ಕೆಲಸ ಮಾಡ್ತಿದ್ರಿ?"

"ನೀರು ಪರೀಕ್ಷೆ."

"ಮತ್ತೆ?" ಎಂದು ಮೇಡಂ ಹುಬ್ಬೇರಿಸಿದರು.

ಫೋನ್ ಇಟ್ಟಾಗ ಅಳು ಬರುತ್ತದೆ ಎಂದುಕೊಂಡಿದ್ದಳು. ಬರಲಿಲ್ಲ. ಬೆಳಗಿನಿಂದ ಬಿಗಿ ಹಿಡಿದಿದ್ದ ಬೆನ್ನು ಸಡಿಲವಾಗಿ ಗೋಡೆಗೆ ಒರಗಿತು. ಕೆಲಸ ಉಳಿಯುವುದೋ ಹೋಗುವುದೋ ಇನ್ನೂ ಗೊತ್ತಿರಲಿಲ್ಲ. ಆದರೂ ತಲೆಯ ಮೇಲಿನ ಒಂದು ಹೊರೆ ಇಳಿಸಿ ಕೆಳಗಿಟ್ಟ ಹಾಗಿತ್ತು. ಜಾಲತಾಣ ತೆರೆದು 'ಹಿಂಪಡೆಯಿರಿ' ಎಂಬುದನ್ನು ಒತ್ತಿದಳು. ಕಾರಣದ ಜಾಗದಲ್ಲಿ ಬರೆದಳು: "ಮಕ್ಕಳಿಗೆ ಉತ್ತರಗಳನ್ನು ಮೊದಲೇ ಹೇಳಿಕೊಟ್ಟಿದ್ದೆ." ಈ ದಾಖಲೆಯನ್ನು ಅಳಿಸಲಾಗುವುದಿಲ್ಲ, ಮುಂದುವರಿಯಬೇಕೇ ಎಂದು ಕೇಳಿತು. ಹೌದು ಎಂದು ಒತ್ತಿದಳು.

ಸೋಮವಾರ ತರಗತಿಯಲ್ಲಿ ನಿಂತು, "ಮೊನ್ನೆ ನಾವು ಮಾಡಿದ್ದು ನಾಟಕ. ನಿಮ್ಮ ಕೈಯಲ್ಲಿ ನಾಟಕ ಮಾಡಿಸಿದ್ದು ನನ್ನ ತಪ್ಪು. ನಾಳೆ ನಿಜವಾದ ಪಾಠ. ಕ್ಯಾಮೆರಾ ಇರುತ್ತೆ, ಆದ್ರೆ ಏನಾಗುತ್ತೆ ಅಂತ ಯಾರಿಗೂ ಮೊದಲೇ ಗೊತ್ತಿರಲ್ಲ," ಎಂದಳು.

ಅಜ್ಜಿಯ ಮುಖ ಬಾಡಿತು. "ಡೈಲಾಗ್ ಇಲ್ವಾ ಟೀಚರ್?"

"ಇಲ್ಲ. ಎಲ್ಲರೂ ಮನೆಯಿಂದ ಒಂದೊಂದು ಖಾಲಿ ಬಾಟಲಿ ತನ್ನಿ."

ಮಂಗಳವಾರ ಮೂರನೇ ಪೀರಿಯಡ್. ಅವಳು ಮೂರು ಕೊಡದಲ್ಲಿ ಮೂರು ಥರದ ನೀರು ತಂದಿಟ್ಟಿದ್ದಳು. ಒಂದು ಶಾಲೆಯ ನಲ್ಲಿಯದು, ಒಂದು ಅಂಗಳದ ಕೈಪಂಪಿನದು, ಒಂದು ಹಿಂದಿನ ತೊಟ್ಟಿಯಲ್ಲಿ ಹಿಡಿದಿಟ್ಟ ಮಳೆಯದು. ಎಂಟು ಗುಂಪು. ಪ್ರತಿ ಗುಂಪೂ ಮಕ್ಕಳು ತಂದ ಬಾಟಲಿಗಳ ರಾಶಿಯಿಂದ ಒಂದನ್ನೆತ್ತಿ, ತನ್ನ ಪಾಲಿನ ನೀರು ತುಂಬಿ, ಐದು ತೊಟ್ಟು ಸಾಬೂನು ನೀರು ಹಾಕಿ, ಹತ್ತು ಸಲ ಕುಲುಕಿ, ನೊರೆ ಎಷ್ಟೆತ್ತರ ಬಂತೆಂದು ಸ್ಕೇಲಿಟ್ಟು ಅಳೆಯಬೇಕು. ಮಳೆನೀರಿನಲ್ಲಿ ನೊರೆ ಜಾಸ್ತಿ, ಕೈಪಂಪಿನ ಗಡಸು ನೀರಿನಲ್ಲಿ ಕಡಿಮೆ. ಲ್ಯಾಬಿನಲ್ಲಿ ಸಾವಿರ ಸಲ ಕಂಡ ಸತ್ಯ ಅದು.

ಕುಲುಕಾಟ ಶುರುವಾಯಿತು. ಗದ್ದಲ ಸೂರಿಗೆ ಮುಟ್ಟಿತು. ಲೆಕ್ಕಗಳು ಹಲಗೆಯ ಮೇಲೆ ಏರತೊಡಗಿದವು. ಎಲ್ಲ ಸರಿ ಬರುತ್ತಿತ್ತು. ಅಷ್ಟರಲ್ಲಿ ಗುಬ್ಬಿ ತನ್ನ ಬಾಟಲಿಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಳು. ಕೈಪಂಪಿನ ನೀರು. ನೊರೆ ಬಾಟಲಿಯ ಕುತ್ತಿಗೆ ದಾಟಿ ಅವಳ ಮೊಣಕೈಗೆ ಇಳಿಯುತ್ತಿತ್ತು. ಅದೇ ಕೈಪಂಪಿನ ನೀರಿನ ಪಕ್ಕದ ಗುಂಪಿನಲ್ಲಿ ಒಂದು ಬೆರಳಿನಷ್ಟು ನೊರೆಯೂ ಇರಲಿಲ್ಲ.

"ಟೀಚರ್, ಅದೇ ನೀರು, ಅಷ್ಟೇ ಸೋಪು. ಯಾಕೆ ಹೀಗಾಯ್ತು?" ಎಂದಳು ಗುಬ್ಬಿ.

ಹೊಸ ಟೀಚರ್ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದಳು. ತರಗತಿಯ ಹಿಂದೆ ಕ್ಯಾಮೆರಾದ ಕೆಂಪು ಚುಕ್ಕೆ ಮಿನುಗುತ್ತಿತ್ತು. ಅಳತೆ ತಪ್ಪಿರಬೇಕು ಬಿಡು ಎಂದು ಮುಂದೆ ಹೋಗಬಹುದಿತ್ತು. ಆರು ತಿಂಗಳ ಹಿಂದೆ ಹಾಗೇ ಮಾಡುತ್ತಿದ್ದಳು.

"ನನಗೆ ಗೊತ್ತಿಲ್ಲ," ಎಂದಳು. "ಯಾಕಿರಬಹುದು?"

ಎಣಿಸತೊಡಗಿದಳು. ಒಂದು. ಎರಡು. ಗುಬ್ಬಿಯ ಮೊಣಕೈಯಿಂದ ನೊರೆ ನೆಲಕ್ಕೆ ತೊಟ್ಟಿಕ್ಕಿತು. ಐದು. ಅಜ್ಜಿ ಗಲ್ಲಕ್ಕೆ ಕೈಯಿಟ್ಟು ಯೋಚಿಸುತ್ತಿದ್ದಳು. ಏಳು, ಎಂಟು. ಪ್ರಾಣ ಹೋದ ಹಾಗೇ ಆಯಿತು. ಹತ್ತು, ಹನ್ನೊಂದು.

ಕಿಟಕಿಯ ಕಡೆಯಿಂದ ಒಂದು ದನಿ ಬಂತು. ತೆಳ್ಳಗಿತ್ತು, ಸ್ಪಷ್ಟವಾಗಿತ್ತು. "ಟೀಚರ್, ಆ ಬಾಟಲಿ ನಾನು ತಂದಿದ್ದು. ಅದರಲ್ಲಿ ಪಾತ್ರೆ ತೊಳೆಯೋ ಸೋಪು ಇತ್ತು."

ಇಡೀ ತರಗತಿ ತಿರುಗಿ ನೋಡಿತು. ಸೋಪಿನ ಸುದ್ದಿಗಿಂತ ಆ ದನಿ ಅವರಿಗೆ ದೊಡ್ಡ ಸುದ್ದಿಯಾಗಿತ್ತು.

ಹೊಸ ಟೀಚರಿಗೆ ನಗು ತಡೆಯಲಾಗಲಿಲ್ಲ. ಎಂಟು ವರ್ಷ ದಿನಕ್ಕೆ ಐವತ್ತು ಬಾಟಲಿ ತೊಳೆದವಳು, ಬಾಟಲಿ ತೊಳೆದು ತನ್ನಿ ಎಂದು ಹೇಳುವುದನ್ನೇ ಮರೆತಿದ್ದಳು. ಅದನ್ನು ಮಕ್ಕಳಿಗೂ ಹೇಳಿದಳು. ಅವರೂ ನಕ್ಕರು. "ಸರಿ, ಇವಳು ಹೇಳಿದ್ದು ನಿಜವೋ ಅಲ್ವೋ ಅಂತ ತಿಳಿಯೋದು ಹೇಗೆ?"

"ಬೇರೆ ಬಾಟಲಿಯಲ್ಲಿ ಮಾಡಿ ನೋಡೋದು!" ಹತ್ತು ಕಡೆಯಿಂದ ಕೂಗು ಬಂತು.

ಕುಲುಕುವ ಕೆಲಸವನ್ನು ಕಿಟಕಿಯ ಹುಡುಗಿಗೇ ಕೊಟ್ಟಳು. ಶುದ್ಧ ಬಾಟಲಿ, ಅದೇ ಕೈಪಂಪಿನ ನೀರು, ಐದು ತೊಟ್ಟು, ಹತ್ತು ಸಲ. ಎಲ್ಲರೂ ಬೆಂಚು ಬಿಟ್ಟು ಸುತ್ತ ಮುತ್ತಿಕೊಂಡರು. ನೊರೆ ಒಂದಿಷ್ಟು ಎದ್ದ ಹಾಗೆ ಮಾಡಿ ಚಪ್ಪಟೆಯಾಗಿ ಕೂತುಬಿಟ್ಟಿತು.

"ಓ!" ಎಂದವು ನಲವತ್ತು ಬಾಯಿ.

ಆಗಲೇ ಗಂಟೆ ಹೊಡೆಯಿತು. ಗಡಸು ನೀರೆಂದರೇನು ಎಂದು ಬರೆಸಬೇಕಾಗಿದ್ದ ಕೊನೆಯ ಭಾಗ ಉಳಿದೇಹೋಯಿತು. ನೆಲವೆಲ್ಲ ನೀರು. ಅವಳು ಆ ವಿಡಿಯೋವನ್ನು ಹೇಗಿತ್ತೋ ಹಾಗೇ ಕಳಿಸಿದಳು. ಬುಧವಾರ ಬೆಳಿಗ್ಗೆ ಮೇಡಂ ಸಹಿ ಹಾಕಿದ್ದರು. ಹನ್ನೊಂದು ಸೆಕೆಂಡ್ ಕಾದ ಜಾಗದ ಪಕ್ಕದಲ್ಲಿ ಏನೂ ಬರೆದಿರಲಿಲ್ಲ, ಒಂದು ಸರಿ ಗುರುತು ಮಾತ್ರ ಹಾಕಿದ್ದರು.

ಎರಡು ವಾರದ ಮೇಲೆ ಪರಿಶೀಲಕರು ಕರೆದರು. ಹೆಡ್ಮಾಸ್ಟ್ರ ಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ಕೂತಳು. ಪರದೆಯ ಮೇಲೆ ಇಬ್ಬರು, ಒಬ್ಬರು ತಲೆ ನರೆತ ಗಂಡಸು, ಇನ್ನೊಬ್ಬರು ಅವಳಿಗಿಂತ ಸ್ವಲ್ಪ ದೊಡ್ಡ ಹೆಂಗಸು. ಪಾಠದ ಬಗ್ಗೆ ಅರ್ಧ ಗಂಟೆ ಕೇಳಿದರು. ಆಮೇಲೆ ಆ ಹೆಂಗಸು ಕಾಗದ ತಿರುವಿದರು.

"ಇದಕ್ಕೆ ಮುಂಚೆ ಒಂದು ವಿಡಿಯೋ ಹಾಕಿ ವಾಪಸ್ ತಗೊಂಡಿದ್ದೀರಿ. ಕಾರಣ ಓದಿದ್ವಿ. ಅದರ ಬಗ್ಗೆ ಏನಾದ್ರೂ ಹೇಳ್ತೀರಾ?"

ಈ ಪ್ರಶ್ನೆಗೆ ಅವಳು ಮನೆಯಲ್ಲಿ ಉತ್ತರ ತಯಾರಿಸಿಕೊಂಡಿದ್ದಳು. ಅದು ನೆನಪಿಗೆ ಬರಲಿಲ್ಲ. "ಹೆದರಿದ್ದೆ ಮೇಡಂ," ಎಂದಳು. "ಚೆನ್ನಾಗಿ ಕಾಣಬೇಕು ಅಂತ ಮಾಡಿದೆ. ಚೆನ್ನಾಗೇ ಕಾಣ್ತು. ಆದ್ರೆ ಆ ದಿನ ಮಕ್ಕಳು ಹೊಸದಾಗಿ ಒಂದು ಅಕ್ಷರನೂ ಕಲೀಲಿಲ್ಲ. ನನ್ನ ಮೆಂಟರ್ ಎರಡು ಪ್ರಶ್ನೆ ಕೇಳಿದ್ರು. ಎರಡಕ್ಕೂ ನನ್ನ ಹತ್ರ ಉತ್ತರ ಇರಲಿಲ್ಲ."

ನರೆತ ತಲೆಯವರು ಏನೋ ಬರೆದುಕೊಂಡರು. ಅದು ಒಳ್ಳೆಯದೋ ಕೆಟ್ಟದ್ದೋ ಅವರ ಮುಖ ಹೇಳಲಿಲ್ಲ.

ಫಲಿತಾಂಶ ಬಂದದ್ದು ಒಂದು ಶುಕ್ರವಾರ, ಊಟದ ಬಿಡುವಿನಲ್ಲಿ. ಸ್ಟಾಫ್ ರೂಮಿನಲ್ಲಿ ಡಬ್ಬಿ ಮುಚ್ಚಳ ತೆಗೆದಿದ್ದಳಷ್ಟೇ, ಫೋನ್ ಗುಂಯ್ ಎಂದಿತು. ಏಳರಲ್ಲಿ ಆರು. ಸಮಯದ ಯೋಜನೆ ಎಂಬ ಒಂದರ ಮುಂದೆ ಮಾತ್ರ "ಇನ್ನೂ ಇಲ್ಲ, ಮುಂದಿನ ಅವಧಿಯಲ್ಲಿ ಮೆಂಟರ್ ಜೊತೆ ಪೂರೈಸುವುದು" ಎಂದಿತ್ತು. ಕೆಳಗೆ ಕೊನೆಯ ಸಾಲು: ನೇಮಕಾತಿಯನ್ನು ಖಾಯಂಗೊಳಿಸಲಾಗಿದೆ.

ಮೂರು ಸಲ ಓದಿದಳು. ಎದುರಿನ ಕುರ್ಚಿಯಲ್ಲಿದ್ದ ಡ್ರಾಯಿಂಗ್ ಮೇಷ್ಟ್ರು ಅವಳ ಮುಖ ನೋಡಿ ಗಾಬರಿಯಿಂದ, "ಏನಾಯ್ತು ಮೇಡಂ?" ಎಂದರು.

"ಆಯ್ತು ಸರ್. ಆಯ್ತು."

ಮೇಷ್ಟ್ರು ಹಿಗ್ಗಿ ಹೀರೇಕಾಯಿಯಾದರು. ಆಮೇಲೆ ದನಿ ತಗ್ಗಿಸಿ, "ನನ್ನ ಒಂದು ಕ್ಲಾಸು ರೆಕಾರ್ಡ್ ಮಾಡ್ತೀನಿ. ಸುಮ್ನೆ, ಯಾರಿಗೂ ಕಳಿಸೋಕಲ್ಲ. ನೀವು ಒಂದ್ಸಲ ನೋಡ್ತೀರಾ?" ಎಂದು ಕೇಳಿದರು. ಅವಳು ನೋಡುತ್ತೇನೆ ಎಂದಳು.

ಮೆಂಟರ್ ಮೇಡಂಗೆ ಕರೆ ಮಾಡಿದಳು. ಎತ್ತಲಿಲ್ಲ. ಎರಡು ನಿಮಿಷ ಬಿಟ್ಟು ಒಂದು ಸಂದೇಶ ಬಂತು: "ಕ್ಲಾಸಲ್ಲಿದ್ದೀನಿ. ಬೆಳಿಗ್ಗೆನೇ ಗೊತ್ತಾಯ್ತು, ನೀವೇ ಓದಲಿ ಅಂತ ಸುಮ್ಮನಿದ್ದೆ. ಮೊದಲು ಊಟ ಮಾಡಿ." ಅವಳು ಡಬ್ಬಿಯನ್ನು ತಳ ಕಾಣುವ ತನಕ ಖಾಲಿ ಮಾಡಿದಳು. ಎಷ್ಟೋ ವಾರಗಳ ಮೇಲೆ ಊಟಕ್ಕೆ ರುಚಿ ಬಂದಿತ್ತು.

ಅತ್ತೆಗೆ ಫೋನಿನಲ್ಲೇ ಹೇಳಿದಳು. ಮೆಷಿನ್ನಿನ ಸದ್ದು ನಿಂತಿತು. "ಹಾಗಾದ್ರೆ ಇನ್ನಾದ್ರೂ ನೆಟ್ಟಗೆ ನಿದ್ದೆ ಮಾಡು," ಎಂದರು ಅತ್ತೆ. ದನಿ ಒದ್ದೆಯಾದದ್ದು ಗೊತ್ತಾಗಬಾರದೆಂದು ಮೆಷಿನ್ ಮತ್ತೆ ಶುರು ಮಾಡಿದರು.

ಶಾಲೆ ಬಿಟ್ಟಾಗ ಗಂಡನ ಬಸ್ಸು ಡಿಪೋದಿಂದ ಹೊರಡುವ ಹೊತ್ತು. ಓಡಿಹೋಗಿ ಹತ್ತಿದಳು. ಅವನ ತಲೆಯ ಮೇಲೆ "ಚಾಲಕರೊಡನೆ ಮಾತನಾಡಬೇಡಿ" ಎಂಬ ಬೋರ್ಡಿತ್ತು. ಅವಳು ಮಾತಾಡಲಿಲ್ಲ. ಕನ್ನಡಿಯಲ್ಲಿ ಅವನ ಕಣ್ಣು ಸಿಕ್ಕಾಗ ಆರು ಬೆರಳು ಎತ್ತಿ ತೋರಿಸಿ, ಹೆಬ್ಬೆರಳು ಮೇಲೆ ಮಾಡಿದಳು. ಅವನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ, ಎದುರಿಗೆ ಒಂದು ಸೈಕಲ್ಲೂ ಇಲ್ಲದ ರಸ್ತೆಯಲ್ಲಿ ಉದ್ದಕ್ಕೆ ಹಾರ್ನ್ ಬಾರಿಸಿದ. ಮುಂದಿನ ಸೀಟಿನ ಮುದುಕರೊಬ್ಬರು ಬೆಚ್ಚಿ, "ಏನಪ್ಪಾ ಅದು?" ಎಂದರು.

"ಏನಿಲ್ಲ ಯಜಮಾನ್ರೇ, ಕೈ ತಾಗ್ತು," ಎಂದ.

ಅವಳು ಕಿಟಕಿ ಪಕ್ಕ ಕೂತಳು. ಗಾಳಿ ಹಿತವಾಗಿತ್ತು. ಬ್ಯಾಗನ್ನು ತೊಡೆಯ ಮೇಲಿಟ್ಟು ಅದರ ಮೇಲೆ ಕೈ ಇಟ್ಟದ್ದಷ್ಟೇ ನೆನಪು. ಮನೆಯ ಸ್ಟಾಪು ಬಂದಾಗ ಅವನು ಕನ್ನಡಿಯಲ್ಲಿ ನೋಡಿದ. ಬಾಯಿ ಅರ್ಧ ತೆರೆದು, ಕನ್ನಡಕ ಮೂಗಿನ ತುದಿಗೆ ಜಾರಿ, ಅವಳು ಗಾಢ ನಿದ್ದೆಯಲ್ಲಿದ್ದಳು. ಎಬ್ಬಿಸಲಿಲ್ಲ. ಕ್ಲಚ್ಚನ್ನು ಎಂದಿಗಿಂತ ಮೆಲ್ಲಗೆ ಬಿಟ್ಟು ಮುಂದೆ ಹೋದ. ಕೊನೆಯ ಸ್ಟಾಪಿನಲ್ಲಿ ಎಲ್ಲರೂ ಇಳಿದ ಮೇಲೂ ಎಬ್ಬಿಸದೆ, ಬಸ್ಸನ್ನು ತಿರುಗಿಸಿಕೊಂಡು, ವಾಪಸ್ ಬರುವ ದಾರಿಯಲ್ಲಿ ಮನೆ ಹತ್ತಿರವಾದಾಗ, "ಟೀಚರ್, ಇಳೀರಿ," ಎಂದು ಕರೆದ.